ಅತ್ತೆಯ ಮೂರು ವೋಟು, ಯಾರದೋ ಮನೆಯ ಡಬ್ಬಿ

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಸೋದರತ್ತೆ ಒಂದೇ ದಿನ ಮೂರು ವೋಟ್ ಹಾಕಿ ಬಂದಿದ್ದರು. ಎಲೆಕ್ಷನ್ ಏನೂ ಇರಲಿಲ್ಲ. ಪೇಟೆಗೆ ಹೋದಾಗ ಬಸ್ ಸ್ಟ್ಯಾಂಡ್ ಪಕ್ಕ ಒಂದು ಚಾನೆಲ್‌ನ ವ್ಯಾನ್ ನಿಂತಿತ್ತಂತೆ. ಮೈ ತುಂಬ ಸೀರಿಯಲ್ ನಾಯಕಿಯರ ಫೋಟೊ, ಮೇಲೊಂದು ಸ್ಪೀಕರ್, ಕೆಳಗೆ ಟ್ಯಾಬ್ ಹಿಡಿದ ಇಬ್ಬರು ಹುಡುಗರು. ನೆಚ್ಚಿನ ಸೊಸೆ ಯಾರು, ನೆಚ್ಚಿನ ಅತ್ತೆ ಯಾರು, ನೆಚ್ಚಿನ ಜೋಡಿ ಯಾವುದು ಅಂತ ಕೇಳಿ, ಮೊಬೈಲ್ ನಂಬರ್ ಬರೆದುಕೊಂಡು ಒಟಿಪಿ ಕೇಳಿದ್ದಾರೆ. ಬ್ಯಾಂಕಿನವರು ಅಂತ ಹೇಳಿಕೊಂಡು ಯಾರಾದರೂ ಫೋನ್ ಮಾಡಿದರೆ ಬೈದು ಇಡುವ ಹೆಂಗಸು ಅದು. ಅಲ್ಲಿ ಮಾತ್ರ ತಮ್ಮದು, ಮಗನದು, ಜೊತೆಗೆ ಬಂದಿದ್ದ ಪಕ್ಕದ ಮನೆಯವರದು, ಮೂರೂ ಫೋನಿನ ಒಟಿಪಿ ಕೊಟ್ಟು, ಒಬ್ಬಳೇ ನಾಯಕಿಗೆ ಮೂರು ವೋಟ್ ಒತ್ತಿಸಿ, ಒಂದು ಪ್ಲಾಸ್ಟಿಕ್ ಕೀ ಚೈನ್ ಇಸ್ಕೊಂಡು ಬಂದಿದ್ದರು.

ಆ ನಾಯಕಿ ಗೆದ್ದಳು. ವೇದಿಕೆ ಮೇಲೆ ಅತ್ತಳು, ನಮ್ಮತ್ತೆನೂ ಮನೆಯಲ್ಲಿ ಅತ್ತರು. ಮೂರು ತಿಂಗಳು ಕಳೆಯುವುದರೊಳಗೆ ಆ ಸೀರಿಯಲ್ ಸಂಜೆ ಏಳೂವರೆಯಿಂದ ರಾತ್ರಿ ಹತ್ತೂವರೆಗೆ ಹೋಯಿತು. ಡೇರಿಗೆ ಹಾಲು ಹಾಕಿ, ಮುದ್ದೆ ತಿರುವಿ, ಒಂಬತ್ತೂವರೆಗೆಲ್ಲ ದೀಪ ಆರಿಸುವ ಊರಲ್ಲಿ ಹತ್ತೂವರೆಗೆ ಯಾರು ಕೂತಿರುತ್ತಾರೆ? ಇನ್ನೆರಡು ತಿಂಗಳಿಗೆ ಮುಗಿದೇ ಹೋಯಿತು. ನಾಲ್ಕು ವರ್ಷ ವಿಷ ಹಾಕುತ್ತಿದ್ದ ಖಳನಾಯಕಿ ಕೊನೆ ವಾರ ಒಂದೇ ಸಂಚಿಕೆಯಲ್ಲಿ ಒಳ್ಳೆಯವಳಾಗಿಬಿಟ್ಟಳು.

"ಗೆದ್ದೋಳ್ ಸೀರಿಯಲ್ನೇ ಎತ್ಬುಟ್ರಲ್ಲ, ಮತ್ ನಮ್ಮತ್ರ ವೋಟ್ ಯಾಕಪ್ಪ ಹಾಕುಸ್ಕೊಂಡ್ರು?" ಅಂತ ಅತ್ತೆ ಕೇಳಿದರು. ಯಾವ ಚಾನೆಲ್ ಅನ್ನುವುದು ಬೇಡ, ಎಲ್ಲರ ಮನೆ ದೋಸೆಯೂ ತೂತೇ. ಆದರೆ ಪ್ರಶ್ನೆ ಸರಿಯಾಗಿದೆ. ಅಭಿಮಾನಿ ಹಾಕುವ ವೋಟಿಗೂ ಸೀರಿಯಲ್ ನಡೆಸುವ ದುಡ್ಡಿಗೂ ನಡುವೆ ನಾವು ಅಂದುಕೊಂಡಿರುವ ದಾರಿ ಇಲ್ಲವೇ ಇಲ್ಲ. ಎರಡೂ ಬೇರೆ ಬೇರೆ ಲೆಕ್ಕದ ಪುಸ್ತಕ.

ಮೊದಲು ಈ ಅವಾರ್ಡ್ ನೋಡೋಣ. ಜೀ ಕನ್ನಡದ್ದು ಕುಟುಂಬ ಅವಾರ್ಡ್ಸ್, ಕಲರ್ಸ್ ಕನ್ನಡದ್ದು ಅನುಬಂಧ ಅವಾರ್ಡ್ಸ್. ಹೆಸರಲ್ಲೇ ಸಂಬಂಧ ಇದೆ, ಗಮನಿಸಿ. ಇಲ್ಲಿ ಸ್ಪರ್ಧೆಗೆ ನಿಲ್ಲುವವರೆಲ್ಲ ಆ ಚಾನೆಲ್‌ನವರೇ. ಪಕ್ಕದ ಚಾನೆಲ್‌ನ ನಟಿ ಎಷ್ಟೇ ಚೆನ್ನಾಗಿ ಮಾಡಿದ್ದರೂ ಈ ಪಟ್ಟಿಯಲ್ಲಿ ಬರುವುದಿಲ್ಲ. ಅಂದರೆ ಇದು ರಾಜ್ಯ ಮಟ್ಟದ ಸ್ಪರ್ಧೆ ಅಲ್ಲ, ಸ್ಕೂಲ್ ಡೇ. ನಮ್ಮ ಸ್ಕೂಲಿನ ಮಕ್ಕಳಿಗೆ ನಮ್ಮ ಸ್ಕೂಲಿನ ಬಹುಮಾನ. ಸ್ಕೂಲ್ ಡೇನಲ್ಲಿ ಎಲ್ಲರಿಗೂ ಒಂದೊಂದು ಸ್ಟೀಲ್ ಲೋಟ ಸಿಗುವ ಹಾಗೆ ಇಲ್ಲೂ ಅತ್ತೆಗೆ, ಸೊಸೆಗೆ, ಮಾವನಿಗೆ, ಮೈದುನನಿಗೆ, ಮಗುವಿಗೆ ಒಂದೊಂದು ವಿಭಾಗ.

ಇದರಲ್ಲಿ ಮೋಸ ಏನಿಲ್ಲ. ಮುಚ್ಚುಮರೆಯೂ ಇಲ್ಲ. ಆದರೆ ಅವಾರ್ಡ್ ಅನ್ನುವುದು ಅದರ ಪಾಡಿಗೆ ಅದೇ ಒಂದು ಕಾರ್ಯಕ್ರಮ ಅನ್ನುವುದನ್ನು ನಾವು ಮರೆಯುತ್ತೇವೆ. ವಾರಾಂತ್ಯದಲ್ಲಿ ಗಂಟೆಗಟ್ಟಲೆ ಓಡುತ್ತದೆ, ಅದಕ್ಕೇ ಬೇರೆ ಪ್ರಾಯೋಜಕರು ಇರುತ್ತಾರೆ, ಮುಂದಿನ ತಿಂಗಳು ಶುರುವಾಗುವ ಹೊಸ ಸೀರಿಯಲ್‌ನ ಜೋಡಿಯನ್ನು ಕುಣಿಸಿ ಪರಿಚಯ ಮಾಡಿಸುತ್ತಾರೆ. ಊರೂರಿಗೆ ಹೋಗುವ ವೋಟಿಂಗ್ ವ್ಯಾನ್ ಇದೆಯಲ್ಲ, ಅದು ಮತಪೆಟ್ಟಿಗೆಗಿಂತ ಜಾಸ್ತಿ ಪ್ರಚಾರದ ಗಾಡಿ. ಹಿಂದೆ ಟೂರಿಂಗ್ ಟಾಕೀಸಿನವರು ಎತ್ತಿನ ಗಾಡಿಗೆ ಪೋಸ್ಟರ್ ಕಟ್ಟಿ ತಮಟೆ ಹೊಡೆಸಿಕೊಂಡು ಊರು ಸುತ್ತುತ್ತಿದ್ದರಲ್ಲ, ಅದರ ಮೊಮ್ಮಗ ಇದು. ವೋಟ್ ಹಾಕಿದವರು ತಾವು ಹಾಕಿದ ವೋಟ್ ಏನಾಯಿತು ಅಂತ ನೋಡೋಕೆ ಆ ದಿನ ಟಿವಿ ಮುಂದೆ ಕೂತೇ ಕೂರುತ್ತಾರೆ. ವೋಟಿನಿಂದ ಚಾನೆಲ್‌ಗೆ ಸಿಗುವ ಮೊದಲ ಲಾಭ ಅದು. ಎರಡನೆಯದು ಮೊಬೈಲ್ ನಂಬರ್. ಆ್ಯಪ್‌ನಲ್ಲಿ ವೋಟ್ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಆ್ಯಪ್ ಇಳಿಸಿಕೊಂಡವರ ಸಂಖ್ಯೆ ಏರುತ್ತದೆ, ಲಾಗಿನ್ ಆದವರ ಸಂಖ್ಯೆ ಏರುತ್ತದೆ, ಜಾಹೀರಾತು ಕೊಡುವವರ ಮುಂದೆ ಇಡೋಕೆ ಒಂದು ಒಳ್ಳೆ ಅಂಕಿ ಸಿಗುತ್ತದೆ.

ಇನ್ನು ವೋಟಿನ ಸಂಖ್ಯೆ. 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ 11ನೇ ಸೀಸನ್‌ನಲ್ಲಿ ಹಾವೇರಿ ಕಡೆಯ ಹನುಮಂತ ಗೆದ್ದಾಗ ಅವರಿಗೆ ಬಿದ್ದ ವೋಟ್ 5 ಕೋಟಿಗೂ ಜಾಸ್ತಿ ಅಂತ ಘೋಷಿಸಿದರು. ಕುರಿ ಕಾಯುತ್ತಾ ಹಾಡುತ್ತಿದ್ದ ಹುಡುಗ ಗೆದ್ದ ಅಂತ ನನಗೂ ಖುಷಿಯೇ ಆಯಿತು. ಆದರೆ ಆ ಸಂಖ್ಯೆಯನ್ನು ಒಂದು ಸಲ ಪಕ್ಕಕ್ಕಿಟ್ಟು ನೋಡಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಇಡೀ ಕರ್ನಾಟಕದ ಮತದಾರರ ಪಟ್ಟಿಯಲ್ಲಿದ್ದವರೇ ಸುಮಾರು 5.3 ಕೋಟಿ. ಅದರಲ್ಲಿ ಬಂದು ಬೆರಳಿಗೆ ಶಾಯಿ ಹಾಕಿಸಿಕೊಂಡವರು ಶೇ 73ರಷ್ಟು, ಅಂದರೆ 4 ಕೋಟಿಯ ಒಳಗೆ. ಎಲ್ಲ ಪಕ್ಷ, ಎಲ್ಲ ಅಭ್ಯರ್ಥಿ ಸೇರಿ ಪಡೆದದ್ದಕ್ಕಿಂತ ಜಾಸ್ತಿ ವೋಟ್ ಒಬ್ಬ ಸ್ಪರ್ಧಿಗೆ! ಕಾರಣ ಸುಲಭ. ಇಲ್ಲಿ ಒಂದೇ ಖಾತೆಯಿಂದ ಹಲವು ವೋಟ್ ಹಾಕಬಹುದು, ಒಬ್ಬರೇ ಹಲವು ಖಾತೆಯಿಂದಲೂ ಹಾಕಬಹುದು. ಎಷ್ಟು ಜನ ಇಷ್ಟಪಟ್ಟರು ಅನ್ನುವುದಕ್ಕಿಂತ, ಇಷ್ಟಪಟ್ಟವರು ಎಷ್ಟು ಹಟಕ್ಕೆ ಬಿದ್ದು ಒತ್ತಿದರು ಅನ್ನುವುದರ ಲೆಕ್ಕ ಅದು.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಭಿಮಾನವನ್ನು ನಿಜವಾದ ವೋಟಿಗೆ ತಿರುಗಿಸಿದ ಜಿಲ್ಲೆ ಇದು. ಅಂಬರೀಶ್ ಅವರನ್ನು 1998, 1999, 2004ರಲ್ಲಿ ಮೂರು ಸಲ ಲೋಕಸಭೆಗೆ ಕಳಿಸಿದರು. ಅವರು ತೀರಿಕೊಂಡ ಮರುವರ್ಷ, 2019ರಲ್ಲಿ, ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನು 1.25 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆಲ್ಲಿಸಿದರು. ಅಲ್ಲಿ ಎಂಥ ಹುಚ್ಚು ಅಭಿಮಾನಿಗೂ ಒಂದೇ ವೋಟ್. ಅದಕ್ಕೇ ಆ ಸಂಖ್ಯೆಗೆ ತೂಕ.

ಟಿವಿ ವೋಟು ಹೀಗೆ ಹುಚ್ಚು ಹಿಡಿಸಿದ ದೊಡ್ಡ ಉದಾಹರಣೆ 2007ರ ಇಂಡಿಯನ್ ಐಡಲ್. ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್ ಗೆಲ್ಲಲಿ ಅಂತ ಆ ಬೆಟ್ಟದ ಜನ ಚಂದಾ ಎತ್ತಿ ಎಸ್ಸೆಮ್ಮೆಸ್ ಕಳಿಸಿದರು. ಆ ಅಭಿಯಾನದ ಮುಂದೆ ನಿಂತಿದ್ದ ಬಿಮಲ್ ಗುರುಂಗ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಗೂರ್ಖಾ ಜನಮುಕ್ತಿ ಮೋರ್ಚಾ ಪಕ್ಷ ಕಟ್ಟಿದರು. ಹಾಡಿನ ಸ್ಪರ್ಧೆಯಿಂದ ಪ್ರತ್ಯೇಕ ರಾಜ್ಯದ ಹೋರಾಟದವರೆಗೆ! ಆಗ ಒಂದೊಂದು ಎಸ್ಸೆಮ್ಮೆಸ್‌ಗೂ ಮಾಮೂಲಿಗಿಂತ ಜಾಸ್ತಿ ದುಡ್ಡು ಕಟ್ ಆಗುತ್ತಿತ್ತು, ಅದರಲ್ಲಿ ಮೊಬೈಲ್ ಕಂಪನಿಗೂ ಚಾನೆಲ್‌ಗೂ ಪಾಲು. ಕೌನ್ ಬನೇಗಾ ಕರೋಡ್‌ಪತಿ ಜೊತೆ ವೀಕ್ಷಕರಿಗೆ ಇಟ್ಟಿದ್ದ ಸ್ಪರ್ಧೆಯಲ್ಲಿ ಒಂದು ಎಸ್ಸೆಮ್ಮೆಸ್‌ಗೆ 2.40 ರೂಪಾಯಿ ಇತ್ತು. ಬಹುಮಾನದ ದುಡ್ಡು ಜನರ ಜೇಬಿಂದಲೇ ಬರುತ್ತಿದೆ ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಚಾನೆಲ್‌ಗೂ ಮೊಬೈಲ್ ಕಂಪನಿಗೂ 1 ಕೋಟಿ ದಂಡ ಹಾಕಿತ್ತು, ಮುಂದೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈಗ ವೋಟ್ ಫ್ರೀ. ದುಡ್ಡಿನ ಬದಲು ನಂಬರ್ ಕೊಡುತ್ತೇವೆ, ಸಮಯ ಕೊಡುತ್ತೇವೆ.

ಸರಿ, ಸೀರಿಯಲ್‌ಗೆ ದುಡ್ಡು ಎಲ್ಲಿಂದ ಬರುತ್ತದೆ?

ದೂರದರ್ಶನದ ಕಾಲದಲ್ಲಿ ಪ್ರಾಯೋಜಿತ ಕಾರ್ಯಕ್ರಮ ಅಂತಿತ್ತು. ನಿರ್ಮಾಪಕ ತಾನೇ ದುಡ್ಡು ಹಾಕಿ ಸೀರಿಯಲ್ ಮಾಡಿ, ಪ್ರಸಾರಕ್ಕೆ ಶುಲ್ಕ ಕಟ್ಟಿ, ತನಗೆ ಸಿಕ್ಕ ಜಾಹೀರಾತಿನ ನಿಮಿಷಗಳನ್ನು ತಾನೇ ಮಾರಿಕೊಳ್ಳಬೇಕಿತ್ತು. ಕೆಲವು ಖಾಸಗಿ ಚಾನೆಲ್‌ಗಳಲ್ಲೂ ಸ್ಲಾಟ್, ಅಂದರೆ ಪ್ರಸಾರದ ಹೊತ್ತು, ಬಾಡಿಗೆಗೆ ಹಿಡಿಯುವ ಪದ್ಧತಿ ಬಹಳ ವರ್ಷ ನಡೆಯಿತು. ಸಂತೆಯಲ್ಲಿ ಜಾಗಕ್ಕೆ ಸುಂಕ ಕಟ್ಟಿ ಟೊಮೆಟೊ ಮಾರಿದ ಹಾಗೆ. ಮಾರಿದರೆ ಲಾಭ, ಕೊಳೆತರೆ ನಿಂದೇ ನಷ್ಟ.

ಈಗ ಬಹುಪಾಲು ಕಮಿಷನ್ಡ್. ಚಾನೆಲ್ ಒಂದು ಸಂಚಿಕೆಗೆ ಇಷ್ಟು ಅಂತ ದರ ಗೊತ್ತು ಮಾಡಿ ನಿರ್ಮಾಪಕರಿಗೆ ಕೊಡುತ್ತದೆ. ಕಲಾವಿದರ ದಿನದ ಪೇಮೆಂಟ್, ಶೂಟಿಂಗ್ ಮನೆಯ ಬಾಡಿಗೆ, ಕ್ಯಾಮೆರಾ ಯೂನಿಟ್, ಊಟ, ಸೀರೆ, ಎಡಿಟಿಂಗ್ ಎಲ್ಲ ಅದರಲ್ಲೇ ಮುಗಿಯಬೇಕು. ಉಳಿದದ್ದು ನಿರ್ಮಾಪಕರದ್ದು. ಚಾನೆಲ್‌ನ ದುಡ್ಡು ಕೈಗೆ ಬರೋಕೆ ಸಮಯ ಹಿಡಿಯುತ್ತದೆ, ಯೂನಿಟ್‌ಗೆ ಮಾತ್ರ ಕೊಡುತ್ತಲೇ ಇರಬೇಕು. ಹಾಗಾಗಿ ಕೈಯಲ್ಲಿ ಬಂಡವಾಳ ಇಲ್ಲದವರು ಇಲ್ಲಿ ಬಹಳ ದಿನ ಉಳಿಯುವುದಿಲ್ಲ. ಕಥೆ, ಪಾತ್ರ, ಹೆಸರು ಎಲ್ಲದರ ಹಕ್ಕು ಸಾಮಾನ್ಯವಾಗಿ ಚಾನೆಲ್‌ನದ್ದೇ. ಮೈಸೂರಿನ ರಂಗಾಯಣದಲ್ಲೋ ನಟನದಲ್ಲೋ ನಾಟಕ ಕಲಿತು ಬೆಂಗಳೂರಿಗೆ ಹೋದ ಹುಡುಗನಿಗೆ ಅವಾರ್ಡ್ ಬಂದರೆ ಹೆಸರು ಬರುತ್ತದೆ, ಉದ್ಘಾಟನೆ ರಿಬ್ಬನ್ ಕತ್ತರಿಸೋಕೆ ಕರೆಯುತ್ತಾರೆ, ಮುಂದಿನ ಸೀರಿಯಲ್‌ನಲ್ಲಿ ದಿನದ ರೇಟ್ ಸ್ವಲ್ಪ ಏರಬಹುದು. ಈಗಿರುವ ಸೀರಿಯಲ್ ಅದರಿಂದ ಒಂದು ದಿನವೂ ಜಾಸ್ತಿ ಬದುಕುವುದಿಲ್ಲ.

ಚಾನೆಲ್‌ಗೆ ಎರಡು ಕಡೆಯಿಂದ ಆದಾಯ. ಒಂದು ನಮ್ಮ ಕೇಬಲ್ ಬಿಲ್. ಟಿವಿ, ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್‌ನ ನಿಯಮ 2019ರಲ್ಲಿ ಜಾರಿಗೆ ಬಂದ ಮೇಲೆ ಪ್ರತಿ ಪೇ ಚಾನೆಲ್‌ಗೂ ಬೆಲೆಚೀಟಿ ಇದೆ. ಪ್ಯಾಕ್‌ನಲ್ಲಿ ಸೇರಿಸುವ ಚಾನೆಲ್‌ಗೆ ಈಗ ಗರಿಷ್ಠ 19 ರೂಪಾಯಿ, ಅದರಲ್ಲಿ ಕೇಬಲ್‌ನವರ ಪಾಲು ಕಳೆದು ಮಿಕ್ಕಿದ್ದು ಚಾನೆಲ್‌ಗೆ. ನಮ್ಮತ್ತೆ ತಿಂಗಳು ತಿಂಗಳು ಕೇಬಲ್ ಹುಡುಗನಿಗೆ ಕೊಡುವ ನೋಟಿನಲ್ಲಿ ಆ ನಾಯಕಿಯ ಸೀರೆಯ ಒಂದು ದಾರವೂ ಇದೆ. ಅವರಿಗೆ ಅದು ಗೊತ್ತಿಲ್ಲ, ಕರೆಂಟ್ ಬಿಲ್ ಥರ ಇದೂ ಒಂದು ಬಿಲ್.

ಇನ್ನೊಂದು, ಜಾಸ್ತಿ ಮಾತಾಡಿಸುವಂಥದ್ದು, ಜಾಹೀರಾತು. ನಿಯಮದ ಪ್ರಕಾರ ಗಂಟೆಗೆ 12 ನಿಮಿಷ, ಅದರಲ್ಲಿ 10 ನಿಮಿಷ ಹೊರಗಿನ ಜಾಹೀರಾತು, 2 ನಿಮಿಷ ಚಾನೆಲ್‌ನ ಸ್ವಂತ ಪ್ರೋಮೊ. ಅರ್ಧ ಗಂಟೆಯ ಸೀರಿಯಲ್‌ಗೆ 5 ನಿಮಿಷ, ಅಂದರೆ 10 ಸೆಕೆಂಡಿನ 30 ತುಂಡು. ಲೆಕ್ಕ ತಿಳಿಯಲಿ ಅಂತ ಒಂದು ತುಂಡಿಗೆ 10 ಸಾವಿರ ಅಂದುಕೊಳ್ಳಿ (ಇದು ನಾನೇ ಹಾಕಿಕೊಂಡ ಸಂಖ್ಯೆ). ದಿನಕ್ಕೆ 3 ಲಕ್ಷ ಆಯಿತು. ನೋಡುವವರು ಅರ್ಧಕ್ಕೆ ಇಳಿದರೆ ತುಂಡಿನ ಬೆಲೆಯೂ ಇಳಿಯುತ್ತದೆ, ಯಾಕೆಂದರೆ ಸೋಪು, ಟೀ ಪುಡಿ, ಚಿನ್ನದಂಗಡಿಯವರು ಕೊಳ್ಳುವುದು ಸೆಕೆಂಡನ್ನಲ್ಲ, ಆ ಸೆಕೆಂಡಿನಲ್ಲಿ ಕೂತಿರುವ ಹೆಂಗಸರನ್ನು. ದಿನಕ್ಕೆ ಒಂದೂವರೆ ಲಕ್ಷವೇ ಬಂದಿತು ಅನ್ನಿ. ಸೀರಿಯಲ್ ಮಾಡುವ ಖರ್ಚು ಮಾತ್ರ ಅಷ್ಟೇ ಇರುತ್ತದೆ. ಆಗ ಆ ಸೀರಿಯಲ್ ಏಳೂವರೆಯ ಜಾಗದಲ್ಲಿ ಕೂತಿರುವುದೇ ನಷ್ಟ. ಅದನ್ನು ಹತ್ತೂವರೆಗೆ ತಳ್ಳಿ, ಆ ಜಾಗಕ್ಕೆ ಹೊಸದನ್ನು ತರುತ್ತಾರೆ. ಅವಾರ್ಡ್ ಗೆದ್ದಿದೆಯಾ ಇಲ್ಲವಾ ಅನ್ನುವ ಕಾಲಂ ಆ ಹಾಳೆಯಲ್ಲಿ ಇರುವುದೇ ಇಲ್ಲ.

ಹಾಗಾದರೆ ಎಷ್ಟು ಜನ ನೋಡುತ್ತಿದ್ದಾರೆ ಅಂತ ಯಾರು ಹೇಳುತ್ತಾರೆ? ಇಲ್ಲಿ ಬರುತ್ತದೆ ಆ ಡಬ್ಬಿ, ಕೆಲವು ಮನೆಯ ಟಿವಿಗೆ ಮಾತ್ರ ಜೋಡಿಸುವ ಮೀಟರ್.

2015ರಿಂದ ಬಾರ್ಕ್ ಅನ್ನುವ ಸಂಸ್ಥೆ ಟಿಆರ್‌ಪಿ, ಅಂದರೆ ಯಾವುದನ್ನು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಕೊಡುತ್ತಿದೆ. ಪ್ರತಿ ಗುರುವಾರ ಅಂಕಿ ಬರುತ್ತದೆ, ಅವತ್ತು ಸೀರಿಯಲ್ ಮಂದಿಗೆಲ್ಲ ಎಸ್ಸೆಸ್ಸೆಲ್ಸಿ ರಿಸಲ್ಟ್. ಇಡೀ ದೇಶದಲ್ಲಿ ಟಿವಿ ಇರುವ ಮನೆ ಸುಮಾರು 23 ಕೋಟಿ, ಡಬ್ಬಿ ಇರುವ ಮನೆ ಸುಮಾರು 58 ಸಾವಿರ. ಸರಾಸರಿ ನಾಲ್ಕು ಸಾವಿರ ಮನೆಗೆ ಒಂದು. ನಮ್ಮತ್ತೆಯ ಊರಿನಂಥ ನಾನೂರು ಮನೆಯ ಹಳ್ಳಿ ಹತ್ತು ಸೇರಿದರೆ ಒಂದು ಡಬ್ಬಿ. ಚಾನೆಲ್‌ನ ಧ್ವನಿಯ ಒಳಗೆ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ, ಡಬ್ಬಿ ಅದನ್ನು ಕೇಳಿಸಿಕೊಂಡು ಯಾವ ಚಾನೆಲ್ ಓಡುತ್ತಿದೆ ಅಂತ ಬರೆದುಕೊಳ್ಳುತ್ತದೆ. ಮನೆಯ ಒಬ್ಬೊಬ್ಬರಿಗೂ ರಿಮೋಟ್‌ನಲ್ಲಿ ಒಂದೊಂದು ಬಟನ್. ಅಜ್ಜಿ ಬಂದು ಕೂತರೆ ಅಜ್ಜಿಯ ಬಟನ್ ಒತ್ತಬೇಕು, ಎದ್ದು ಹೋದರೆ ಮತ್ತೆ ಒತ್ತಬೇಕು. ಒಗ್ಗರಣೆ ಸೀದುಹೋಗುತ್ತಿರುವಾಗ ಎಷ್ಟು ಅಜ್ಜಿಯರು ಬಟನ್ ಒತ್ತಿ ಓಡುತ್ತಾರೋ ಏನೋ.

ಇಷ್ಟು ಕಡಿಮೆ ಮನೆಯಿಂದ ಲೆಕ್ಕ ಸರಿ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು, ಪಾತ್ರೆ ಬಗ್ಗಿಸಬೇಕಾಗಿಲ್ಲ, ಆ ಮಟ್ಟಿಗೆ ಪದ್ಧತಿ ಸರಿಯೇ. ಕಷ್ಟ ಬರುವುದು ಎರಡು ಸೀರಿಯಲ್‌ಗಳ ನಡುವೆ ಕೂದಲೆಳೆ ಅಂತರ ಇದ್ದಾಗ. ಕೆಲವೇ ಮನೆಯವರು ಒಂದು ವಾರ ಜಾತ್ರೆಗೆ ಹೋದರೂ ಅಂಕಿ ಅಲ್ಲಾಡುತ್ತದೆ, ಅಂಥ ಕಡೆ ಆ ಅಲ್ಲಾಟವನ್ನೇ ಜನರ ತೀರ್ಪು ಅಂದುಕೊಂಡುಬಿಡುತ್ತಾರೆ. ಇನ್ನೊಂದು, ಡಬ್ಬಿ ಕಡಿಮೆ ಇದ್ದಷ್ಟೂ ಅದನ್ನು ಕೊಂಡುಕೊಳ್ಳುವುದು ಸುಲಭ. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು, ಡಬ್ಬಿ ಇರುವ ಮನೆಗೆ ದುಡ್ಡು ಕೊಟ್ಟು ಚಾನೆಲ್ ಹಾಕಿಸಿದರು ಅನ್ನುವ ಆರೋಪದ ಮೇಲೆ ಕೇಸ್ ಹಾಕಿದರು. ಆ ಗಲಾಟೆಯ ನಂತರ ಸುದ್ದಿ ಚಾನೆಲ್‌ಗಳ ರೇಟಿಂಗ್ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ನಿಂತೇ ಹೋಗಿತ್ತು. ಅದಕ್ಕೇ ಯಾರ ಮನೆಯಲ್ಲಿ ಡಬ್ಬಿ ಇದೆ ಅನ್ನುವುದು ಗುಟ್ಟು.

ಬಾರ್ಕ್ ಬಂದದ್ದರಿಂದ ನಮ್ಮ ಕಡೆಗೆ ಒಂದು ಒಳ್ಳೆಯದೂ ಆಯಿತು. ಅದಕ್ಕೆ ಮೊದಲಿನ ಲೆಕ್ಕದಲ್ಲಿ ಹಳ್ಳಿಯೇ ಇರಲಿಲ್ಲ. 2015ರ ಅಕ್ಟೋಬರ್‌ನಿಂದ ಹಳ್ಳಿಯ ಮನೆಗಳೂ ಸೇರಿದವು. ಅಲ್ಲಿಯವರೆಗೆ ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಎಷ್ಟೇ ಟಿವಿ ಓಡಿದರೂ ಜಾಹೀರಾತಿನವರಿಗೆ ಅವು ಕತ್ತಲೆಯೇ. ಆಮೇಲಿನ ಸೀರಿಯಲ್‌ಗಳಲ್ಲಿ ಗದ್ದೆ, ಹಟ್ಟಿ, ಮಂಡ್ಯ ಮಾತು ಜಾಸ್ತಿ ಆದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಸುಮ್ನೆ ಮಣ್ಣಿನ ಪ್ರೀತಿ ಉಕ್ಕಿ ಬರಲಿಲ್ಲ.

ಡಬ್ಬಿ ಮನೆಯಲ್ಲೂ ಎಲ್ಲರ ತೂಕ ಒಂದೇ ಅಲ್ಲ. ಮನೆಯ ಮುಖ್ಯ ದುಡಿಮೆಗಾರ ಎಷ್ಟು ಓದಿದ್ದಾನೆ, ಮನೆಯಲ್ಲಿ ಹನ್ನೊಂದು ವಸ್ತುಗಳ ಪಟ್ಟಿಯಲ್ಲಿ ಎಷ್ಟಿವೆ ಅಂತ ನೋಡಿ ದರ್ಜೆ ಹಾಕುತ್ತಾರೆ. ಫ್ಯಾನು, ಗ್ಯಾಸು, ಫ್ರಿಡ್ಜು, ವಾಷಿಂಗ್ ಮೆಷಿನ್, ಕಾರು, ಜೊತೆಗೆ ಸಾಗುವಳಿ ಜಮೀನು. ಹೌದು, ಜಮೀನೂ ಆ ಪಟ್ಟಿಯಲ್ಲಿದೆ. ದುಬಾರಿ ಸಾಮಾನು ಮಾರುವವರು ಮೇಲಿನ ದರ್ಜೆಯ ಮನೆಯ ಅಂಕಿಯನ್ನೇ ಕೇಳುತ್ತಾರೆ.

ಇನ್ನು ಹೊಸ ಅಭಿಮಾನಿ. ಕುವೆಂಪುನಗರದಲ್ಲಿ ನಮ್ಮ ಎದುರು ಮನೆಯ ಹುಡುಗಿ ಡಿಗ್ರಿ ಓದುತ್ತಾಳೆ, ಒಂದು ಸೀರಿಯಲ್ ಜೋಡಿಯ ಹೆಸರಲ್ಲಿ ಫ್ಯಾನ್ ಪೇಜ್ ನಡೆಸುತ್ತಾಳೆ. ರಾತ್ರಿ ಹನ್ನೊಂದಾದರೂ ಅವಳ ರೂಮಿನ ಲೈಟ್ ಆರಿರುವುದಿಲ್ಲ. ನಾಯಕ ನಾಯಕಿಯ ಕಡೆ ತಿರುಗಿ ನೋಡಿದ ನಾಲ್ಕು ಸೆಕೆಂಡನ್ನು ಕತ್ತರಿಸಿ, ನಿಧಾನ ಮಾಡಿ, ಹಾಡು ಕೂರಿಸಿ ಹಾಕುತ್ತಾಳೆ, ಲಕ್ಷಗಟ್ಟಲೆ ಜನ ನೋಡುತ್ತಾರೆ. ಚಾನೆಲ್‌ಗೆ ಇಷ್ಟು ನಿಷ್ಠೆಯ ಪ್ರಚಾರ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ಅವಳು ಸೀರಿಯಲ್ ನೋಡುವುದು ಫೋನಿನಲ್ಲಿ, ಟಿವಿಗೆ ಬರುವ ಮೊದಲೇ, ಚಂದಾ ಕಟ್ಟಿದ ಆ್ಯಪ್‌ನಲ್ಲಿ. ಆ ಚಂದಾ ಆ್ಯಪ್‌ನ ಲೆಕ್ಕಕ್ಕೆ ಹೋಗುತ್ತದೆ, ಗುರುವಾರದ ಟಿಆರ್‌ಪಿಯಲ್ಲಿ ಅವಳು ಇಲ್ಲ. ಅವಳಷ್ಟು ಆ ಸೀರಿಯಲ್ ಅನ್ನು ಪ್ರೀತಿಸುವವರು ಇಲ್ಲ, ಸಂಜೆ ಏಳೂವರೆಯ ಲೆಕ್ಕಕ್ಕೆ ಮಾತ್ರ ಅವಳು ಸೊನ್ನೆ. ಸುಮ್ನೆ ಟಿವಿ ಹಾಕಿಟ್ಟು ಬೀನ್ಸ್ ಸೋಸುವ ಡಬ್ಬಿ ಮನೆಯ ಒಬ್ಬ ಹೆಂಗಸು ಸಾವಿರಾರು ಮನೆಗೆ ಸಮ.

ಅಭಿಮಾನಿಗಳ ಗಲಾಟೆಗೆ ಏನೂ ಬೆಲೆ ಇಲ್ಲ ಅಂತಲ್ಲ. ಸಂಚಿಕೆಗಳನ್ನು ತೀರಾ ಮುಂಚೆ ಶೂಟ್ ಮಾಡಿ ಇಟ್ಟಿರುವುದಿಲ್ಲ, ಹಾಗಾಗಿ ಜನ ಮೆಚ್ಚಿದ ಸಣ್ಣ ಪಾತ್ರ ದೊಡ್ಡದಾಗುತ್ತದೆ, ಹಿಡಿಸದ ತಿರುವು ಕನಸಾಗಿಬಿಡುತ್ತದೆ. ಆದರೆ ದೊಡ್ಡ ತೀರ್ಮಾನಕ್ಕೆ ಅದು ಸಾಲುವುದಿಲ್ಲ. 2022ರಲ್ಲಿ ಜೊತೆ ಜೊತೆಯಲಿ ಸೀರಿಯಲ್‌ನ ನಾಯಕ ನಟ ಅನಿರುದ್ಧ ಹೊರಗೆ ಹೋದಾಗ ಅಭಿಮಾನಿಗಳು ಅವರೇ ಬೇಕು ಅಂತ ಎಷ್ಟು ಹಟ ಹಿಡಿದರು ನೆನಪಿದೆಯಲ್ಲ? ಸೀರಿಯಲ್ ಬೇರೆ ನಟರನ್ನು ಇಟ್ಟುಕೊಂಡು ಮುಂದೆ ಹೋಯಿತು, 2023ರಲ್ಲಿ ಮುಗಿಯಿತು. ಆ ಚಾನೆಲ್ ಬಿಟ್ಟು ಈ ಚಾನೆಲ್ ನೋಡುತ್ತೇನೆ ಅನ್ನುವ ಬೆದರಿಕೆಗೂ ಈಗ ಮೊದಲಿನ ಬಲವಿಲ್ಲ. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಕೂಡಿದ ಮೇಲೆ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಒಂದೇ ಮನೆಯವು.

ನೋಡುವವರೇ ನೇರವಾಗಿ ದುಡ್ಡು ಹಾಕಿದರೆ ಹೇಗೆ? ಪವನ್ ಕುಮಾರ್ ಅವರ ಲೂಸಿಯಾ 2013ರಲ್ಲಿ ಬಂದದ್ದು ಜನರಿಂದ ಎತ್ತಿದ ಬಂಡವಾಳದಲ್ಲಿ. ಒಟಿಟಿಗಳು ತೆಗೆದುಕೊಳ್ಳದ ಏಕಂ ವೆಬ್ ಸರಣಿಯನ್ನು ರಕ್ಷಿತ್ ಶೆಟ್ಟಿ ಬಳಗ 2024ರಲ್ಲಿ ಸ್ವಂತ ವೇದಿಕೆಯಲ್ಲಿ 149 ರೂಪಾಯಿಗೆ ಬಿಟ್ಟಿತು. ಒಂದು ಸಿನಿಮಾಗೆ, ಏಳೆಂಟು ಕಂತಿಗೆ ಇದು ನಡೆಯಬಹುದು. ವಾರಕ್ಕೆ ಐದಾರು ಸಂಚಿಕೆ, ವರ್ಷಗಟ್ಟಲೆ ಓಡುವ ಸೀರಿಯಲ್‌ಗೆ ಯಾರು ಎಷ್ಟು ಸಲ ಜೇಬಿಗೆ ಕೈ ಹಾಕುತ್ತಾರೆ? ನಮ್ಮತ್ತೆಗೆ 149 ಅಂದರೆ ಎರಡು ದಿನದ ಹಾಲಿನ ದುಡ್ಡು.

ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಅತ್ತೆಗೆ ಹೇಳಿದೆ. ಜಾಹೀರಾತು, ಸ್ಲಾಟು ಎಲ್ಲದಕ್ಕೂ ಹೂಂ ಅಂದರು. ಡಬ್ಬಿಯ ಮಾತು ಬಂದಾಗ ಮಾತ್ರ ಸೌಟು ಕೆಳಗಿಟ್ಟರು.

"ನಮ್ಮೂರಲ್ ಯಾರ್ ಮನೇಲೈತೆ ಅದು?"

ಗೊತ್ತಾಗಲ್ಲ, ಗುಟ್ಟು, ನಿಮ್ಮೂರಲ್ಲಿ ಇಲ್ಲದೆಯೂ ಇರಬಹುದು ಅಂದೆ. ಅವರು ಒಪ್ಪಲಿಲ್ಲ. ಕೆರೆ ಏರಿ ಪಕ್ಕದ ಮನೆಗೆ ಹೋದ ವರ್ಷ ಯಾರೋ ಬ್ಯಾಗ್ ಹಾಕಿಕೊಂಡು ಬಂದು ಟಿವಿ ಹಿಂದೆ ಏನೋ ಜೋಡಿಸಿ ಹೋಗಿದ್ದರಂತೆ, ಕೇಬಲ್‌ನವರು ಅಂತ ಆ ಮನೆಯವಳು ಹೇಳಿದ್ದಳಂತೆ, ಆದರೆ ಕೇಬಲ್ ಹುಡುಗ ತಾನು ಬಂದೇ ಇಲ್ಲ ಅಂದಿದ್ದನಂತೆ.

"ಅವಳು ಬೆಳಿಗ್ಗೆ ಡೇರಿ ತಾವ ಸಿಕ್ತಾಳೆ. ಏಳೂವರೆಗೆ ಹೊಸ್ದು ಬತ್ತಾದಲ್ಲ, ಆ ಹುಡುಗಿ ಪಾಪ ಒಳ್ಳೇದು, ಅದ್ನೇ ಹಾಕವ್ವ ಅಂತ ಏಳ್ಬುಡ್ತೀನಿ," ಅಂದು ಅತ್ತೆ ಮತ್ತೆ ಸೌಟು ತೆಗೆದುಕೊಂಡರು.